ಮಡಚಿದ ಬೆರಳಿಗೆ ಚಿಕಿತ್ಸೆ: ಸೂಜಿಯೋ, ಚುಚ್ಚುಮದ್ದೋ, ಶಸ್ತ್ರಚಿಕಿತ್ಸೆಯೋ?

ಮನುಷ್ಯನ ದೈನಂದಿನ ಜೀವನದಲ್ಲಿ ಕೈಗಳ ಪಾತ್ರ ಎಷ್ಟು ಮಹತ್ವದ್ದೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಅನ್ನ ಕಲಸುವುದರಿಂದ ಹಿಡಿದು ಯಂತ್ರ ನಡೆಸುವವರೆಗೆ ಎಲ್ಲ ಕೆಲಸಗಳಿಗೂ ಬೆರಳುಗಳು ಸರಾಗವಾಗಿ ಮಡಚಬೇಕು, ಮಡಚಿದಷ್ಟೇ ಸರಾಗವಾಗಿ ಬಿಡಿಸಿಕೊಳ್ಳಬೇಕು. ಕೆಲವರಲ್ಲಿ, ಸಾಮಾನ್ಯವಾಗಿ ಐವತ್ತು ವರ್ಷ ದಾಟಿದವರಲ್ಲಿ, ಉಂಗುರ ಬೆರಳು ಅಥವಾ ಕಿರುಬೆರಳು ಮೆಲ್ಲಮೆಲ್ಲನೆ ಅಂಗೈಯ ಕಡೆಗೆ ಬಾಗತೊಡಗುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ. ಆದ್ದರಿಂದ ವರ್ಷಗಟ್ಟಲೆ ಯಾರೂ ಇದನ್ನು ಲೆಕ್ಕಿಸುವುದಿಲ್ಲ. ಮುಖ ತೊಳೆಯುವಾಗ ಬೆರಳು ಕಣ್ಣಿಗೆ ಚುಚ್ಚಿದಾಗ, ಜೇಬಿಗೆ ಕೈ ಹೋಗದಿದ್ದಾಗ, ಎರಡು ಕೈ ಜೋಡಿಸಿ ನಮಸ್ಕರಿಸಲು ಆಗದಿದ್ದಾಗ ಮಾತ್ರ ವೈದ್ಯರ ನೆನಪಾಗುತ್ತದೆ.

ಈ ವ್ಯಾಧಿಗೆ ಡುಪ್ಯುಟ್ರೆನ್ ಸಂಕೋಚನ ಎಂದು ಹೆಸರು. ಇದಕ್ಕೆ ಇಂದು ಮುಖ್ಯವಾಗಿ ಮೂರು ಚಿಕಿತ್ಸೆಗಳಿವೆ: ಸೂಜಿಯಿಂದ ಬಿಗಿತವನ್ನು ಕತ್ತರಿಸುವುದು, ಕಿಣ್ವದ ಚುಚ್ಚುಮದ್ದು ಕೊಡುವುದು ಮತ್ತು ಅಂಗೈಯನ್ನು ತೆರೆದು ಶಸ್ತ್ರಚಿಕಿತ್ಸೆ ಮಾಡುವುದು. ಮೊದಲಿನ ಎರಡರಲ್ಲಿ ದೊಡ್ಡ ಗಾಯವಾಗಲಿ ಹೊಲಿಗೆಯಾಗಲಿ ಇರುವುದಿಲ್ಲವಾದ್ದರಿಂದ ರೋಗಿಗಳ ಮನಸ್ಸು ಸಹಜವಾಗಿಯೇ ಅವುಗಳ ಕಡೆಗೆ ಒಲಿಯುತ್ತದೆ. ಈ ಒಲವು ಎಷ್ಟರ ಮಟ್ಟಿಗೆ ಸರಿ, ಯಾರಿಗೆ ಯಾವ ಚಿಕಿತ್ಸೆ ಹೊಂದುತ್ತದೆ, ತೀರ್ಮಾನಕ್ಕೆ ಮೊದಲು ರೋಗಿಯು ತಿಳಿದಿರಬೇಕಾದ ಸಂಗತಿಗಳು ಯಾವುವು ಎಂಬುದನ್ನು ಸಾರ್ವಜನಿಕರಿಗೆ ತಿಳಿಸುವುದೇ ಈ ಪಾಠದ ಉದ್ದೇಶ. ಚೆನ್ನೈ ನಗರದಲ್ಲಿ ನೆಲೆಸಿರುವ ಕನ್ನಡಿಗರಿಗೂ ಚಿಕಿತ್ಸೆಗಾಗಿ ಆ ನಗರಕ್ಕೆ ಹೋಗಿಬರುವವರಿಗೂ ಅನುಕೂಲವಾಗಲೆಂದು ಅಲ್ಲಿನ ಸಾರ್ವಜನಿಕ ಸಂಸ್ಥೆಗಳ ಪರಿಚಯವನ್ನೂ ಇಲ್ಲಿ ಸೇರಿಸಲಾಗಿದೆ.

ರೋಗದ ಸ್ವರೂಪ

ಅಂಗೈಯ ಚರ್ಮದ ಕೆಳಗೆ ಗಟ್ಟಿಯಾದ ತಂತುಗಳಿಂದ ಕೂಡಿದ ಒಂದು ಪೊರೆ ಇದೆ. ನಾವು ವಸ್ತುವನ್ನು ಬಿಗಿಯಾಗಿ ಹಿಡಿದಾಗ ಅಂಗೈಯ ಚರ್ಮ ಜಾರದಂತೆ ತಡೆಯುವುದು ಈ ತಂತುಪೊರೆಯ ಕೆಲಸ. ಡುಪ್ಯುಟ್ರೆನ್ ರೋಗದಲ್ಲಿ ಈ ಪೊರೆಯ ಜೀವಕೋಶಗಳು ಅಗತ್ಯಕ್ಕಿಂತ ಹೆಚ್ಚು ಕೊಲಾಜೆನ್ ಎಂಬ ನಾರಿನಂಥ ಪದಾರ್ಥವನ್ನು ಉತ್ಪಾದಿಸುತ್ತವೆ ಮತ್ತು ಸುತ್ತಲಿನ ಅಂಗಾಂಶವನ್ನು ಎಳೆಯತೊಡಗುತ್ತವೆ. ಮೊದಲು ಅಂಗೈಯಲ್ಲಿ, ಬೆರಳಿನ ಬುಡದ ಬಳಿ, ಸಣ್ಣ ಗಂಟು ಕಾಣಿಸುತ್ತದೆ. ಅನೇಕರು ಇದನ್ನು ಕೆಲಸದಿಂದ ಕೈ ಜಡ್ಡುಗಟ್ಟಿದ್ದೆಂದು ಭಾವಿಸುತ್ತಾರೆ. ಕಾಲಕ್ರಮದಲ್ಲಿ ಆ ಗಂಟಿನಿಂದ ಬೆರಳಿನ ಕಡೆಗೆ ಒಂದು ಹುರಿ ಬೆಳೆಯುತ್ತದೆ. ಹುರಿ ಗಿಡ್ಡವಾದಂತೆ ಬೆರಳು ಬಾಗುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟವಾಗಿ ಗ್ರಹಿಸಬೇಕು. ಬೆರಳನ್ನು ಮಡಚುವ ಸ್ನಾಯುರಜ್ಜು ಬೇರೆ, ಈ ಹುರಿ ಬೇರೆ. ರಜ್ಜು ಇದಕ್ಕಿಂತ ಆಳದಲ್ಲಿದ್ದು ಆರೋಗ್ಯವಾಗಿಯೇ ಇರುತ್ತದೆ. ಆದ್ದರಿಂದ ಬೆರಳು ಮಡಚುವ ಶಕ್ತಿ ಕುಂದುವುದಿಲ್ಲ. ಬಿಡಿಸುವ ಸಾಮರ್ಥ್ಯ ಮಾತ್ರ ಹೋಗುತ್ತದೆ. ರೋಗ ಪೊರೆಯಲ್ಲಿರುವುದರಿಂದ ಎಣ್ಣೆ ನೀವುವುದರಿಂದಾಗಲಿ ಬಲವಂತವಾಗಿ ಎಳೆಯುವುದರಿಂದಾಗಲಿ ಹುರಿ ಕರಗುವುದಿಲ್ಲ.

ಕ್ರಿ.ಶ. 1614ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ವೈದ್ಯ ಫೆಲಿಕ್ಸ್ ಪ್ಲಾಟರ್ ಒಬ್ಬ ಕಲ್ಲುಕುಟಿಗನ ಬಾಗಿದ ಬೆರಳುಗಳನ್ನು ವರ್ಣಿಸಿದ್ದನಾದರೂ ಅದು ರಜ್ಜುವಿನ ದೋಷವೆಂದೇ ತಿಳಿದಿದ್ದನು. ದೋಷವಿರುವುದು ತಂತುಪೊರೆಯಲ್ಲಿ ಎಂಬುದನ್ನು ಲಂಡನ್ನಿನ ಹೆನ್ರಿ ಕ್ಲೈನ್ 1777ರಲ್ಲಿ ಗುರುತಿಸಿದನು. ಅವನ ಶಿಷ್ಯ ಆಸ್ಟ್ಲಿ ಕೂಪರ್ 1822ರಲ್ಲಿ, ಚರ್ಮದಲ್ಲಿ ಅತಿ ಸಣ್ಣ ರಂಧ್ರ ಮಾಡಿ ಕಿರಿದಾದ ಅಲಗಿನಿಂದ ಹುರಿಯನ್ನು ಕತ್ತರಿಸಬಹುದೆಂದು ಬರೆದನು. ಪ್ಯಾರಿಸ್ಸಿನ ಗಿಯೋಮ್ ಡುಪ್ಯುಟ್ರೆನ್ 1831ರಲ್ಲಿ ಅಂಗೈಯನ್ನು ತೆರೆದು ಶಸ್ತ್ರಚಿಕಿತ್ಸೆ ನಡೆಸಿ, ಅದರ ಬಗ್ಗೆ ಉಪನ್ಯಾಸ ಮಾಡಿದ ಕಾರಣ ರೋಗಕ್ಕೆ ಅವನ ಹೆಸರೇ ನಿಂತಿತು. ಹೀಗೆ ಸಣ್ಣ ರಂಧ್ರದ ಚಿಕಿತ್ಸೆಯೋ ತೆರೆದ ಚಿಕಿತ್ಸೆಯೋ ಎಂಬ ಪ್ರಶ್ನೆ ಸುಮಾರು ಇನ್ನೂರು ವರ್ಷಗಳಷ್ಟು ಹಳೆಯದು.

ರೋಗ ಯಾರಿಗೆ ಬರುತ್ತದೆ? ಉತ್ತರ ಯುರೋಪ್ ಮೂಲದ ಜನರಲ್ಲಿ ಇದು ಹೆಚ್ಚು, ಭಾರತೀಯರಲ್ಲಿ ಕಡಿಮೆ. ಸ್ತ್ರೀಯರಿಗಿಂತ ಪುರುಷರಲ್ಲಿ ಹೆಚ್ಚು. ವಂಶದಲ್ಲಿ ರೋಗವಿದ್ದವರಿಗೂ ಮಧುಮೇಹಿಗಳಿಗೂ ಮದ್ಯಪಾನ, ಧೂಮಪಾನಗಳ ಅಭ್ಯಾಸವುಳ್ಳವರಿಗೂ ಬರುವ ಸಂಭವ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ, ಚೆನ್ನೈನ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನದ ಸಂಯೋಜನೆಯಲ್ಲಿ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ಆದ್ದರಿಂದ ನಮ್ಮಲ್ಲಿ ಅಪರೂಪವೆಂದು ಈ ರೋಗವನ್ನು ಅಲಕ್ಷಿಸುವಂತಿಲ್ಲ.

ಬಾಗಿದ ಬೆರಳೆಲ್ಲ ಒಂದೇ ರೋಗವಲ್ಲ

ಚಿಕಿತ್ಸೆಗಳನ್ನು ಹೋಲಿಸುವ ಮುನ್ನ ರೋಗ ಯಾವುದೆಂಬುದು ಖಚಿತವಾಗಬೇಕು. ನಮ್ಮ ದೇಶದಲ್ಲಿ ಬೆರಳು ಬಾಗಲು ಬೇರೆ ಕಾರಣಗಳೇ ಹೆಚ್ಚು. ಅವುಗಳಲ್ಲಿ ನಾಲ್ಕನ್ನು ಓದುಗರು ವಿಶೇಷವಾಗಿ ತಿಳಿದಿರಬೇಕು.

ಮೊದಲನೆಯದು ಕುಷ್ಠರೋಗ. ಮೊಣಕೈಯ ಹಿಂಬದಿಯಲ್ಲಿ ಸಾಗುವ ನರಕ್ಕೆ ಈ ರೋಗ ತಗುಲಿದಾಗ ಕೂಡ ಉಂಗುರ ಬೆರಳು ಮತ್ತು ಕಿರುಬೆರಳುಗಳೇ ಪಂಜದಂತೆ ಬಾಗುತ್ತವೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಹೀಗೆ ಗುರುತಿಸಬಹುದು: ಕುಷ್ಠರೋಗದಲ್ಲಿ ಆ ಬೆರಳುಗಳ ಸ್ಪರ್ಶಜ್ಞಾನ ಕುಂದಿರುತ್ತದೆ, ಅಂಗೈಯಲ್ಲಿ ಹುರಿ ಇರುವುದಿಲ್ಲ, ಪ್ರಾರಂಭದಲ್ಲಿ ಇನ್ನೊಂದು ಕೈಯಿಂದ ಬೆರಳನ್ನು ನೇರ ಮಾಡಲು ಸಾಧ್ಯವಾಗುತ್ತದೆ. ಡುಪ್ಯುಟ್ರೆನ್ ರೋಗದಲ್ಲಿ ಸ್ಪರ್ಶಜ್ಞಾನ ಸರಿಯಾಗಿರುತ್ತದೆ, ಹುರಿ ಕೈಗೆ ಸಿಗುತ್ತದೆ, ಇನ್ನೊಂದು ಕೈಯಿಂದ ಎಳೆದರೂ ಬೆರಳು ನೇರವಾಗುವುದಿಲ್ಲ. ನರದ ದೌರ್ಬಲ್ಯ ಕಾಣಿಸಿಕೊಂಡ ಆರು ತಿಂಗಳೊಳಗಾಗಿ ಚಿಕಿತ್ಸೆ ದೊರೆತರೆ ನರ ಚೇತರಿಸಿಕೊಳ್ಳುವ ಸಂಭವ ಹೆಚ್ಚು. ಆದುದರಿಂದ ಮರಗಟ್ಟಿದ ಬೆರಳನ್ನು ಒಂದು ದಿನವೂ ಅಲಕ್ಷಿಸಬಾರದು. ಕುಷ್ಠರೋಗದ ಔಷಧಿಗಳನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡಲಾಗುತ್ತದೆ.

ಎರಡನೆಯದು, ಬೆರಳು ಮಡಚಿದಲ್ಲಿಯೇ ಸಿಕ್ಕಿಕೊಂಡು, ಬಿಡಿಸುವಾಗ ಲಟಕ್ಕನೆ ನೇರವಾಗುವ ತೊಂದರೆ. ಇದು ಬೆಳಗಿನ ಹೊತ್ತು ಹೆಚ್ಚು. ಸ್ನಾಯುರಜ್ಜು ಸಾಗುವ ಕೊಳವೆ ಕಿರಿದಾಗುವುದರಿಂದ ಹೀಗಾಗುತ್ತದೆ. ಇದರ ಚಿಕಿತ್ಸೆಯೇ ಬೇರೆ. ಮೂರನೆಯದು, ದೀರ್ಘಕಾಲದ ಮಧುಮೇಹದಿಂದ ಎರಡೂ ಕೈಗಳ ಅನೇಕ ಬೆರಳುಗಳ ಕೀಲುಗಳು ಬಿಗಿಯುವುದು. ಕೈ ಜೋಡಿಸಿದಾಗ ಅಂಗೈಗಳ ನಡುವೆ ತೆರಪು ಉಳಿಯುವುದು ಇದರ ಚಿಹ್ನೆ. ನಾಲ್ಕನೆಯದು, ಸುಟ್ಟ ಗಾಯ ಅಥವಾ ಪೆಟ್ಟಿನ ನಂತರ ಚರ್ಮವೇ ಬಿಗಿದುಕೊಳ್ಳುವುದು. ಈ ಯಾವುದಕ್ಕೂ ಮುಂದೆ ವಿವರಿಸುವ ಚಿಕಿತ್ಸೆಗಳು ಅನ್ವಯಿಸುವುದಿಲ್ಲ.

ಚಿಕಿತ್ಸೆ ಯಾವಾಗ ಅಗತ್ಯ?

ಅಂಗೈಯಲ್ಲಿ ಗಂಟು ಮಾತ್ರವಿದ್ದು ಬೆರಳು ನೇರವಾಗಿದ್ದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಾಗುವುದಿಲ್ಲ. ಗಂಟು ಕಾಣಿಸಿದವರೆಲ್ಲರ ಬೆರಳೂ ಬಾಗುವುದಿಲ್ಲ. ಗಂಟು ಕ್ಯಾನ್ಸರ್ ಅಲ್ಲ. ಕೆಲವು ದೇಶಗಳಲ್ಲಿ ಈ ಹಂತದಲ್ಲಿ ವಿಕಿರಣ ಚಿಕಿತ್ಸೆ ಕೊಡುವ ರೂಢಿಯಿದೆ. ಆದರೆ ಈಗಾಗಲೇ ಬಾಗಿದ ಬೆರಳನ್ನು ಅದು ನೇರ ಮಾಡಲಾರದು.

ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಒಂದು ಸರಳ ಪರೀಕ್ಷೆಯಿದೆ. ಅಂಗೈಯನ್ನು ಕೆಳಮುಖವಾಗಿ ಮೇಜಿನ ಮೇಲಿಡಬೇಕು. ಅಂಗೈಯೂ ಬೆರಳುಗಳೂ ಮೇಜಿಗೆ ಪೂರ್ತಿಯಾಗಿ ತಾಗಿದರೆ ಕಾಯಬಹುದು. ತಾಗದೆ ನಡುವೆ ಸಂದು ಉಳಿದರೆ ವೈದ್ಯರನ್ನು ಕಾಣುವ ಕಾಲ ಬಂದಿದೆಯೆಂದು ತಿಳಿಯಬೇಕು. ಆರು ತಿಂಗಳಿಗೊಮ್ಮೆ ಹೀಗೆ ಪರೀಕ್ಷಿಸಿಕೊಂಡು, ಕೈಯನ್ನು ಕಾಗದದ ಮೇಲಿಟ್ಟು ಗೆರೆ ಎಳೆದು ತಾರೀಖು ಬರೆದಿಟ್ಟರೆ ರೋಗ ಎಷ್ಟು ವೇಗವಾಗಿ ಮುಂದುವರಿಯುತ್ತಿದೆ ಎಂಬುದು ವೈದ್ಯರಿಗೂ ತಿಳಿಯುತ್ತದೆ.

ವೈದ್ಯರು ಯಾವ ಕೀಲು ಬಾಗಿದೆ ಎಂಬುದನ್ನು ಮೊದಲು ನೋಡುತ್ತಾರೆ. ಬೆರಳು ಅಂಗೈಯನ್ನು ಸೇರುವಲ್ಲಿರುವುದು ಬುಡದ ಕೀಲು; ಬೆರಳಿನ ನಡುವೆ ಇರುವುದು ನಡುಕೀಲು. ಬುಡದ ಕೀಲು ಬಹುಕಾಲ ಬಾಗಿದ್ದರೂ ಹುರಿ ಕಡಿದೊಡನೆ ಪ್ರಾಯಶಃ ಪೂರ್ತಿಯಾಗಿ ನೇರವಾಗುತ್ತದೆ. ನಡುಕೀಲು ಹಾಗಲ್ಲ. ಅದು ಬಾಗಿಯೇ ಉಳಿದರೆ ಕೀಲಿನ ಸುತ್ತಲಿನ ಕಟ್ಟುಗಳೂ ಗಿಡ್ಡವಾಗಿ, ಹುರಿಯನ್ನು ತೆಗೆದ ಮೇಲೂ ಬೆರಳು ಪೂರ್ತಿ ನೇರವಾಗದಿರಬಹುದು. ಬುಡದ ಕೀಲು ಸುಮಾರು 30 ಡಿಗ್ರಿಯಷ್ಟು ಬಾಗಿದಾಗ ಚಿಕಿತ್ಸೆಯ ವಿಚಾರ ಮಾಡುವುದು ವಾಡಿಕೆ. ನಡುಕೀಲು ಬಾಗಲು ತೊಡಗಿದಾಗಲೇ ಸಲಹೆ ಪಡೆಯುವುದು ಕ್ಷೇಮ. ಈ ವಿಷಯದಲ್ಲಿ ಮಾಡುವ ವಿಳಂಬವನ್ನು ಅನಂತರ ಯಾವ ಚಿಕಿತ್ಸೆಯೂ ಪೂರ್ತಿಯಾಗಿ ಸರಿಪಡಿಸಲಾರದು.

ಸೂಜಿ ಚಿಕಿತ್ಸೆ

1970ರ ದಶಕದಲ್ಲಿ ಫ್ರಾನ್ಸಿನ ಸಂಧಿರೋಗ ತಜ್ಞರು ಕೂಪರನ ಹಳೆಯ ವಿಚಾರಕ್ಕೆ ಹೊಸ ರೂಪ ಕೊಟ್ಟರು. ಅಲಗಿನ ಬದಲು ಸಾಮಾನ್ಯ ಚುಚ್ಚುಮದ್ದಿನ ಸೂಜಿಯನ್ನು ಅವರು ಬಳಸಿದರು. ಹುರಿಯ ಮೇಲಿನ ಚರ್ಮಕ್ಕೆ ಮಾತ್ರ ಅರಿವಳಿಕೆ ಕೊಟ್ಟು, ಸೂಜಿಯ ಮೊನೆಯಿಂದ ಹುರಿಯನ್ನು ಹಲವು ಕಡೆ ಸವೆಯಿಸಿ, ಬಳಿಕ ಬೆರಳನ್ನು ಮೆಲ್ಲನೆ ಎಳೆದಾಗ ಹುರಿ ಕಡಿಯುತ್ತದೆ. ಆಸ್ಪತ್ರೆಯಲ್ಲಿ ಉಳಿಯಬೇಕಾಗಿಲ್ಲ. ಹೊಲಿಗೆಯಿಲ್ಲ. ಕೆಲವೇ ದಿನಗಳಲ್ಲಿ ಹಗುರವಾದ ಕೆಲಸಗಳಿಗೆ ಮರಳಬಹುದು.

ಅರಿವಳಿಕೆಯನ್ನು ಅಲ್ಪ ಪ್ರಮಾಣದಲ್ಲಿ ಕೊಡುವುದಕ್ಕೆ ಕಾರಣವಿದೆ. ಬೆರಳಿನ ನರಗಳು ಹುರಿಗೆ ಅತಿ ಸಮೀಪದಲ್ಲಿ ಸಾಗುತ್ತವೆ. ಕೆಲವೊಮ್ಮೆ ಹುರಿಯೇ ನರವನ್ನು ಅದರ ಸ್ಥಾನದಿಂದ ಎಳೆದು ತನ್ನ ಸುತ್ತ ತಿರುಚಿಕೊಂಡಿರುತ್ತದೆ. ಸೂಜಿ ನರಕ್ಕೆ ತಾಗಿದರೆ ಬೆರಳ ತುದಿಗೆ ಝುಮ್ಮೆನ್ನುತ್ತದೆ. ಹಾಗೆ ಅನಿಸಿದೊಡನೆ ರೋಗಿಯು ಸಂಕೋಚಪಡದೆ ವೈದ್ಯರಿಗೆ ಹೇಳಬೇಕು. ನೋವು ಸಹಿಸಿಕೊಂಡು ಸುಮ್ಮನಿರುವುದು ಇಲ್ಲಿ ಗುಣವಲ್ಲ. ರೋಗಿಯ ಮಾತೇ ಅವನ ರಕ್ಷಣೆ.

ಬಿಗಿದ ಚರ್ಮ ಸ್ವಲ್ಪ ಸೀಳುವುದು ಸಾಮಾನ್ಯ. ಅದು ತಾನಾಗಿ ಮಾಯುತ್ತದೆ. ನರಕ್ಕೆ ಅಥವಾ ರಜ್ಜುವಿಗೆ ಪೆಟ್ಟಾಗುವುದು ವಿರಳ. ಈ ಚಿಕಿತ್ಸೆಯ ಮುಖ್ಯ ಕೊರತೆಯೆಂದರೆ ಹುರಿಯನ್ನು ಕಡಿಯಲಾಗುತ್ತದೆಯೇ ಹೊರತು ತೆಗೆಯಲಾಗುವುದಿಲ್ಲ. ಆದ್ದರಿಂದ ರೋಗ ಮರುಕಳಿಸುವುದು ಹೆಚ್ಚು. ಆದರೆ ಮರುಕಳಿಸಿದಾಗ ಇದೇ ಚಿಕಿತ್ಸೆಯನ್ನು ಮತ್ತೆ ಮಾಡಲು ಸಾಧ್ಯವಿದೆ.

ಕಿಣ್ವದ ಚುಚ್ಚುಮದ್ದು

ಕೊಲಾಜೆನ್ನನ್ನು ಕರಗಿಸುವ ಕೊಲಾಜಿನೇಸ್ ಎಂಬ ಕಿಣ್ವವನ್ನು ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಪಡೆಯಲಾಗುತ್ತದೆ. ಇದನ್ನು ಹುರಿಯೊಳಕ್ಕೆ ಚುಚ್ಚಿ, ಒಂದರಿಂದ ಮೂರು ದಿನಗಳ ಬಳಿಕ ರೋಗಿಯನ್ನು ಮತ್ತೆ ಕರೆಸಿ ಬೆರಳನ್ನು ಎಳೆದು ನೇರ ಮಾಡಲಾಗುತ್ತದೆ. ಅಮೆರಿಕಾದಲ್ಲಿ 2010ರಲ್ಲಿ ಈ ಔಷಧಿಗೆ ಅನುಮತಿ ದೊರೆಯಿತು. ಅದಕ್ಕೆ ಆಧಾರವಾಗಿದ್ದ, 2009ರಲ್ಲಿ ಪ್ರಕಟವಾದ, 308 ರೋಗಿಗಳ ಅಧ್ಯಯನದಲ್ಲಿ ಔಷಧಿ ಪಡೆದ ಕೀಲುಗಳಲ್ಲಿ ಶೇಕಡಾ 64ರಷ್ಟು ಬಹುತೇಕ ಪೂರ್ತಿ ನೇರವಾದವು. ಔಷಧಿಯಿಲ್ಲದ ಚುಚ್ಚುಮದ್ದು ಪಡೆದವುಗಳಲ್ಲಿ ಈ ಪ್ರಮಾಣ ಶೇಕಡಾ 7ಕ್ಕಿಂತ ಕಡಿಮೆಯಿತ್ತು.

ಚುಚ್ಚುಮದ್ದಿನ ನಂತರ ಕೈ ಊದಿಕೊಳ್ಳುವುದು, ಕಂದುಗಟ್ಟುವುದು, ನೋಯುವುದು ಸಾಮಾನ್ಯ. ಕಂಕುಳಿನ ಗ್ರಂಥಿಗಳಲ್ಲಿ ನೋವು ಬರಬಹುದು. ಕಿಣ್ವವು ಹುರಿಯ ಕೊಲಾಜೆನ್ನಿಗೂ ರಜ್ಜುವಿನ ಕೊಲಾಜೆನ್ನಿಗೂ ಭೇದವೆಣಿಸುವುದಿಲ್ಲವಾದ್ದರಿಂದ, ತಪ್ಪು ಜಾಗಕ್ಕೆ ಸೇರಿದರೆ ರಜ್ಜು ಕಡಿಯುವ ಅಪಾಯವುಂಟು. ಇದು ವಿರಳವಾದರೂ ಗಂಭೀರವಾದದ್ದು. ಔಷಧಿಯ ಬೆಲೆ ಬಹಳ ಹೆಚ್ಚು. ಮಾತ್ರವಲ್ಲ, ಅದು ಎಲ್ಲ ದೇಶಗಳಲ್ಲಿಯೂ ದೊರೆಯುವುದಿಲ್ಲ. ಯುರೋಪಿನ ಮಾರುಕಟ್ಟೆಯಿಂದ ತಯಾರಕರು ಅದನ್ನು 2020ರಲ್ಲಿ ಹಿಂತೆಗೆದುಕೊಂಡರು. ಆದುದರಿಂದ ಅಧಿಕೃತ ಮಾರ್ಗದಿಂದ ಬಂದ, ಶೀತಲ ವ್ಯವಸ್ಥೆಯಲ್ಲಿ ಸಂರಕ್ಷಿಸಿದ ಔಷಧಿಯೇ ಎಂಬುದನ್ನು ವಿಚಾರಿಸದೆ ಈ ಚುಚ್ಚುಮದ್ದನ್ನು ಯಾರೂ ತೆಗೆದುಕೊಳ್ಳಬಾರದು.

ತೆರೆದ ಶಸ್ತ್ರಚಿಕಿತ್ಸೆ

ಇದರಲ್ಲಿ ಅಂಗೈ ಮತ್ತು ಬೆರಳಿನ ಚರ್ಮವನ್ನು ಓರೆಕೋರೆಯಾಗಿ ಕೊಯ್ದು, ನರ ಮತ್ತು ರಕ್ತನಾಳಗಳನ್ನು ಕಣ್ಣಾರೆ ಕಂಡು ಬೇರ್ಪಡಿಸಿ, ರೋಗಗ್ರಸ್ತ ಪೊರೆಯನ್ನು ತೆಗೆದುಹಾಕಲಾಗುತ್ತದೆ. ರೋಗ ಪದೇ ಪದೇ ಮರುಕಳಿಸಿದವರಲ್ಲಿ ಮೇಲಿನ ಚರ್ಮವನ್ನೂ ತೆಗೆದು ಬೇರೆಡೆಯ ಚರ್ಮವನ್ನು ಕಸಿ ಮಾಡುವುದುಂಟು. ತೋಳಿಗೆ ಅಥವಾ ಪೂರ್ಣ ಶರೀರಕ್ಕೆ ಅರಿವಳಿಕೆ ಬೇಕಾಗಬಹುದು. ಗಾಯ ಮಾಯಲು ಎರಡು ಮೂರು ವಾರಗಳೂ ಕೈ ಮೊದಲಿನಂತೆ ದುಡಿಯಲು ಆರರಿಂದ ಹನ್ನೆರಡು ವಾರಗಳೂ ಬೇಕಾಗುತ್ತವೆ. ಸೋಂಕು, ರಕ್ತ ಹೆಪ್ಪುಗಟ್ಟುವಿಕೆ, ನರಕ್ಕೆ ಪೆಟ್ಟು, ಕೈ ಬಿಗಿತ ಮುಂತಾದ ತೊಡಕುಗಳು ಸೂಜಿ ಚಿಕಿತ್ಸೆಗಿಂತ ಇದರಲ್ಲಿ ಹೆಚ್ಚು. ಆದರೆ ಫಲ ಹೆಚ್ಚು ಕಾಲ ನಿಲ್ಲುತ್ತದೆ.

ಮೂರನ್ನೂ ಹೋಲಿಸಿದಾಗ

ಫಿನ್‌ಲೆಂಡಿನ ಆರು ಸಾರ್ವಜನಿಕ ಆಸ್ಪತ್ರೆಗಳಲ್ಲಿ 302 ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ಒಂದೊಂದು ಚಿಕಿತ್ಸೆ ಕೊಟ್ಟು ನೋಡಲಾಯಿತು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಬಾಗು ಅರ್ಧಕ್ಕಿಂತ ಹೆಚ್ಚು ಸರಿಹೋಗಿ, ಕೈಯ ಸ್ಥಿತಿ ರೋಗಿಗೂ ಒಪ್ಪಿಗೆಯಾಗಿದ್ದರೆ ಅದನ್ನು ಯಶಸ್ಸೆಂದು ಎಣಿಸಲಾಗಿತ್ತು. ಮೂರು ತಿಂಗಳ ಹೊತ್ತಿಗೆ ಶಸ್ತ್ರಚಿಕಿತ್ಸೆಯಲ್ಲಿ ಶೇಕಡಾ 71, ಸೂಜಿ ಮತ್ತು ಕಿಣ್ವ ಎರಡರಲ್ಲಿಯೂ ಶೇಕಡಾ 73 ಮಂದಿಗೆ ಯಶಸ್ಸು ದೊರೆತಿತ್ತು. ಅಂದರೆ ಪ್ರಾರಂಭದಲ್ಲಿ ಮೂರೂ ಸಮಾನ. ಎರಡು ವರ್ಷಗಳ ನಂತರ ನೋಡಿದಾಗ ಶಸ್ತ್ರಚಿಕಿತ್ಸೆಯಲ್ಲಿ ಶೇಕಡಾ 78, ಕಿಣ್ವದಲ್ಲಿ ಶೇಕಡಾ 65, ಸೂಜಿಯಲ್ಲಿ ಶೇಕಡಾ 50 ಎಂದು ಅಂತರ ಕಾಣಿಸಿತು. ಅದೇ ವರ್ಷ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು, ಒಂದು ವರ್ಷದ ಅವಧಿಯಲ್ಲಿ ಕಿಣ್ವದ ಚುಚ್ಚುಮದ್ದು ಶಸ್ತ್ರಚಿಕಿತ್ಸೆಗೆ ಸರಿಸಾಟಿಯೆಂದು ಸಿದ್ಧಪಡಲಿಲ್ಲವೆಂದು ತಿಳಿಸಿತು.

ಇನ್ನೂ ದೀರ್ಘಕಾಲದ ಚಿತ್ರವನ್ನು ನೆದರ್ಲೆಂಡ್ಸಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನ ಕೊಡುತ್ತದೆ. ಐದು ವರ್ಷಗಳಲ್ಲಿ ಬೆರಳು ಮತ್ತೆ 30 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬಾಗಿದವರು ಸೂಜಿ ಚಿಕಿತ್ಸೆಯಲ್ಲಿ ಶೇಕಡಾ 84.9, ಶಸ್ತ್ರಚಿಕಿತ್ಸೆಯಲ್ಲಿ ಶೇಕಡಾ 20.9. ಈ ಅಂಕಿಗಳನ್ನು ಮಾತ್ರ ನೋಡಿದವರು ಸೂಜಿಯನ್ನು ತಳ್ಳಿಹಾಕಿಬಿಡಬಹುದು. ಆದರೆ ಅದೇ ಅಧ್ಯಯನದಲ್ಲಿ, ರೋಗ ಮರುಕಳಿಸಿದರೆ ಯಾವ ಚಿಕಿತ್ಸೆ ಬೇಕೆಂದು ಕೇಳಿದಾಗ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೂಜಿಯನ್ನೇ ಬಯಸಿದರು. ಕೆಲವೇ ದಿನಗಳ ತೊಂದರೆಯಿಂದ ಕೆಲವು ವರ್ಷ ಬೆರಳು ನೇರವಾಗಿರುವುದಾದರೆ, ಅದನ್ನು ಮತ್ತೊಮ್ಮೆ ಮಾಡಿಸಿಕೊಳ್ಳುವುದು ಅವರಿಗೆ ಭಾರವೆನಿಸಲಿಲ್ಲ.

ಕೀಲಿನ ಭೇದವೂ ಇಲ್ಲಿ ಮುಖ್ಯ. ಕಿಣ್ವದ ಚಿಕಿತ್ಸೆ ಪಡೆದವರನ್ನು ಐದು ವರ್ಷ ಗಮನಿಸಿದಾಗ ಬುಡದ ಕೀಲಿನಲ್ಲಿ ಶೇಕಡಾ 39, ನಡುಕೀಲಿನಲ್ಲಿ ಶೇಕಡಾ 66 ಮರುಕಳಿಕೆ ಕಂಡುಬಂದಿತು. ಆದ್ದರಿಂದ ಒಬ್ಬರ ಕೈಗೆ ಸೂಜಿಯಿಂದ ಒಳ್ಳೆಯದಾಯಿತೆಂದು ಕೇಳಿದವರು, ಅವರ ಯಾವ ಕೀಲು ಬಾಗಿತ್ತು, ಎಷ್ಟು ಬಾಗಿತ್ತು ಎಂಬುದನ್ನು ವಿಚಾರಿಸದೆ ತಮಗೂ ಹಾಗೆಯೇ ಆಗುವುದೆಂದು ಎಣಿಸಬಾರದು.

ಈ ಮೂರೂ ಚಿಕಿತ್ಸೆಗಳು ಬಾಗನ್ನು ಸರಿಪಡಿಸುತ್ತವೆ. ರೋಗವನ್ನು ಬೇರುಸಹಿತ ಕೀಳುವುದಿಲ್ಲ. ರೋಗದ ಪ್ರವೃತ್ತಿ ಶರೀರದಲ್ಲಿ ಉಳಿದೇ ಇರುತ್ತದೆ. ಶಾಶ್ವತವಾಗಿ ಗುಣಪಡಿಸುತ್ತೇವೆಂದು ಯಾರಾದರೂ ಭರವಸೆ ಕೊಟ್ಟರೆ ಅದನ್ನು ನಂಬಬಾರದು.

ಆಯ್ಕೆ ಹೇಗೆ?

ಎರಡು ಉದಾಹರಣೆಗಳಿಂದ ವಿಷಯ ಸ್ಪಷ್ಟವಾಗಬಹುದು. ದಿನಗೂಲಿಯಿಂದ ಜೀವಿಸುವ, ಅರವತ್ತೈದು ವರ್ಷದ ಒಬ್ಬ ಬಡಗಿಯ ಉಂಗುರ ಬೆರಳಿನ ಬುಡದ ಕೀಲು ಮಾತ್ರ ಬಾಗಿದೆ, ಹುರಿ ಸ್ಪಷ್ಟವಾಗಿ ಕೈಗೆ ಸಿಗುತ್ತದೆ ಎಂದು ಭಾವಿಸೋಣ. ಎರಡು ಮೂರು ತಿಂಗಳು ಕೆಲಸ ಬಿಟ್ಟರೆ ಅವನ ಮನೆಯ ಒಲೆ ಉರಿಯುವುದಿಲ್ಲ. ಅವನಿಗೆ ಸೂಜಿ ಚಿಕಿತ್ಸೆ ಯುಕ್ತವಾಗಿ ಕಾಣುತ್ತದೆ. ಮೂರು ನಾಲ್ಕು ವರ್ಷಗಳಲ್ಲಿ ಬೆರಳು ಮತ್ತೆ ಬಾಗಬಹುದೆಂಬುದನ್ನು ಅವನು ತಿಳಿದೇ ಒಪ್ಪಿಕೊಳ್ಳಬೇಕು.

ಇನ್ನೊಬ್ಬರು ನಲವತ್ತೈದು ವರ್ಷದ ಶಿಕ್ಷಕಿ. ತಂದೆಗೂ ಈ ರೋಗವಿತ್ತು. ಕಿರುಬೆರಳಿನ ನಡುಕೀಲು ಬಹಳ ಬಾಗಿದೆ, ಒಮ್ಮೆ ಸೂಜಿ ಚಿಕಿತ್ಸೆ ಮಾಡಿಸಿದರೂ ಒಂದೇ ವರ್ಷದಲ್ಲಿ ಮರುಕಳಿಸಿದೆ. ಬೇಸಿಗೆ ರಜೆಯಲ್ಲಿ ವಿಶ್ರಾಂತಿಗೆ ಅವಕಾಶವಿದೆ. ಇವರಿಗೆ ತೆರೆದ ಶಸ್ತ್ರಚಿಕಿತ್ಸೆಯೇ ಹೆಚ್ಚು ಸೂಕ್ತವಾಗಬಹುದು. ರೋಗ ಒಂದೇ ಆದರೂ ಕೀಲು, ವಯಸ್ಸು, ರೋಗದ ತೀವ್ರತೆ, ಜೀವನೋಪಾಯ ಇವುಗಳಿಂದ ಉತ್ತರ ಬೇರೆಯಾಗುತ್ತದೆ. ಅಂತಿಮ ತೀರ್ಮಾನವನ್ನು ಕೈ ಪರೀಕ್ಷಿಸಿದ ತಜ್ಞರೊಡನೆ ಕೂಡಿಯೇ ಮಾಡಬೇಕು.

ಸಣ್ಣ ಚಿಕಿತ್ಸೆಯಿಂದ ಪ್ರಾರಂಭಿಸಿದವರಿಗೆ ಮುಂದೆ ಶಸ್ತ್ರಚಿಕಿತ್ಸೆಯ ಬಾಗಿಲು ತೆರೆದೇ ಇರುತ್ತದೆ. ಆದರೆ ಒಮ್ಮೆ ಶಸ್ತ್ರಚಿಕಿತ್ಸೆಯಾದ ಕೈಯಲ್ಲಿ ಗಾಯದ ಕಲೆಯ ನಡುವೆ ನರಗಳನ್ನು ಗುರುತಿಸುವುದು ಕಷ್ಟವಾದ್ದರಿಂದ ಎರಡನೆಯ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಕಠಿಣ. ಈ ಕಾರಣದಿಂದಲೂ ಮೊದಲ ಹೆಜ್ಜೆಯನ್ನು ಯೋಚಿಸಿ ಇಡಬೇಕು.

ಚಿಕಿತ್ಸೆಗೆ ಮುನ್ನ ಮತ್ತು ನಂತರ

ಮಧುಮೇಹಿಗಳು ಚಿಕಿತ್ಸೆಗೆ ಮೊದಲು ರಕ್ತದ ಸಕ್ಕರೆಯನ್ನು ಹತೋಟಿಗೆ ತಂದುಕೊಳ್ಳಬೇಕು. ಹೃದ್ರೋಗ ಮುಂತಾದ ಕಾರಣಗಳಿಗಾಗಿ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ತಾವಾಗಿಯೇ ಅದನ್ನು ನಿಲ್ಲಿಸಬಾರದು. ಧೂಮಪಾನ ಮಾಡುವವರ ಗಾಯ ಮಾಯುವುದು ನಿಧಾನ.

ಚಿಕಿತ್ಸೆಯ ನಂತರ ಮೊದಲ ಕೆಲವು ದಿನ ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲಿಟ್ಟುಕೊಂಡರೆ ಊತ ಬೇಗ ಇಳಿಯುತ್ತದೆ. ಫಿಜಿಯೊಥೆರಪಿ ತಜ್ಞರು ಹೇಳಿಕೊಟ್ಟಂತೆ ಬೆರಳುಗಳನ್ನು ಮಡಚಿ ಬಿಡಿಸುವ ವ್ಯಾಯಾಮವನ್ನು ಪ್ರತಿದಿನ ಮಾಡಬೇಕು. ಶಸ್ತ್ರಚಿಕಿತ್ಸೆಯಾದವರೆಲ್ಲರಿಗೂ ರಾತ್ರಿ ಸ್ಪ್ಲಿಂಟ್ ಕಟ್ಟುವುದರಿಂದ ವಿಶೇಷ ಲಾಭವಿಲ್ಲವೆಂದು 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿದೆ. ಆದರೂ ಬೆರಳು ಮತ್ತೆ ಬಾಗುವ ಸೂಚನೆಯಿದ್ದವರಿಗೆ ವೈದ್ಯರು ಅದನ್ನು ಸೂಚಿಸಬಹುದು. ಬೆರಳು ಮರಗಟ್ಟಿದರೆ, ತಣ್ಣಗೆ ಬಿಳಿಚಿಕೊಂಡರೆ, ಕೀವು ಕಾಣಿಸಿದರೆ, ಅಥವಾ ಬೆರಳನ್ನು ಮಡಚಲು ಇದ್ದಕ್ಕಿದ್ದಂತೆ ಆಗದೆ ಹೋದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಎಲ್ಲಿ ಸಲಹೆ ಪಡೆಯಬೇಕು?

ಕೈಯ ಶಸ್ತ್ರಚಿಕಿತ್ಸೆ ಒಂದು ಪ್ರತ್ಯೇಕ ಪರಿಣತಿ. ಪ್ಲಾಸ್ಟಿಕ್ ಸರ್ಜರಿ ಅಥವಾ ಮೂಳೆ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಈ ಪರಿಣತಿಯನ್ನು ಪಡೆದ ವೈದ್ಯರಿರುತ್ತಾರೆ. ಕರ್ನಾಟಕದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಈ ವಿಭಾಗಗಳನ್ನು ವಿಚಾರಿಸಬಹುದು.

ಚೆನ್ನೈ ನಗರದ ಉತ್ತರ ಭಾಗದಲ್ಲಿ, ಬಂದರಿಗೆ ಸಮೀಪದಲ್ಲಿರುವ ಸ್ಟ್ಯಾನ್ಲಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೈಯ ಸಂಶೋಧನೆ ಮತ್ತು ಪುನರ್ವಸತಿಗೆಂದೇ ಮೀಸಲಾದ ಸಂಸ್ಥೆಯೊಂದಿದೆ. ಡಾ. ಆರ್. ವೆಂಕಟಸ್ವಾಮಿಯವರು ಕಟ್ಟಿ ಬೆಳೆಸಿದ ಈ ವಿಭಾಗ ದೇಶದ ಕೈ ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಗಣ್ಯವಾದದ್ದು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರು 1940ರ ದಶಕದ ಕೊನೆಯಲ್ಲಿ ಕುಷ್ಠರೋಗಿಗಳ ಬಾಗಿದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿ, ಅವರನ್ನು ಮತ್ತೆ ದುಡಿಮೆಗೆ ಅಣಿಗೊಳಿಸಿದ ಕಾರ್ಯ ಜಗತ್ಪ್ರಸಿದ್ಧ. ಕುಷ್ಠರೋಗಕ್ಕೆ ಸಂಬಂಧಿಸಿದ ಉನ್ನತ ಮಟ್ಟದ ಸಲಹೆಗಾಗಿ ಚೆನ್ನೈಗೆ ಸಮೀಪದ ಚೆಂಗಲ್ಪಟ್ಟು ಬಳಿಯ ತಿರುಮಣಿಯಲ್ಲಿ ಕೇಂದ್ರ ಸರ್ಕಾರದ ಕುಷ್ಠರೋಗ ಬೋಧನಾ ಮತ್ತು ಸಂಶೋಧನಾ ಸಂಸ್ಥೆ ಇದೆ.

ಹೊರ ರಾಜ್ಯದ ಆಸ್ಪತ್ರೆಗೆ ಹೋಗುವವರು, ತಮ್ಮ ಆರೋಗ್ಯ ವಿಮೆ ಅಥವಾ ಸರ್ಕಾರಿ ಯೋಜನೆಯ ಕಾರ್ಡು ಆ ಆಸ್ಪತ್ರೆಯಲ್ಲಿ, ಆ ಚಿಕಿತ್ಸೆಗೆ ಸಲ್ಲುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು. ಹಿಂದಿನ ಪರೀಕ್ಷೆಗಳ ಕಾಗದಪತ್ರಗಳನ್ನೂ ಸೇವಿಸುತ್ತಿರುವ ಔಷಧಿಗಳ ಪಟ್ಟಿಯನ್ನೂ ಜೊತೆಗೆ ಒಯ್ಯಬೇಕು. ಭಾಷೆಯ ತೊಡಕಿದ್ದರೆ ತಮಿಳು ಅಥವಾ ಇಂಗ್ಲಿಷ್ ಬಲ್ಲ ಬಂಧುಗಳೊಬ್ಬರನ್ನು ಕರೆದೊಯ್ಯುವುದು ಒಳ್ಳೆಯದು. ಒಪ್ಪಿಗೆ ಪತ್ರದಲ್ಲಿ ಬರೆದಿರುವುದನ್ನು ಪೂರ್ತಿಯಾಗಿ ಅರ್ಥ ಮಾಡಿಕೊಳ್ಳದೆ ಸಹಿ ಹಾಕಬಾರದು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

1. ನನ್ನ ಬೆರಳು ಬಾಗಿರುವುದು ಡುಪ್ಯುಟ್ರೆನ್ ರೋಗದಿಂದಲೇ? ನರದ ತೊಂದರೆ ಇಲ್ಲವೆಂದು ಪರೀಕ್ಷಿಸಲಾಗಿದೆಯೇ?

2. ಬಾಗಿರುವುದು ಬುಡದ ಕೀಲೇ, ನಡುಕೀಲೇ? ಈಗ ಎಷ್ಟು ಡಿಗ್ರಿ ಬಾಗಿದೆ?

3. ಈಗಲೇ ಚಿಕಿತ್ಸೆ ಬೇಕೇ? ಕಾದರೆ ಆಗುವ ನಷ್ಟವೇನು?

4. ನನ್ನ ಕೈಗೆ ಸೂಜಿ ಚಿಕಿತ್ಸೆ ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಕಾರಣವೇನು?

5. ಇಂಥ ಚಿಕಿತ್ಸೆಯನ್ನು ತಾವು ಎಷ್ಟು ಮಂದಿಗೆ ಮಾಡಿದ್ದೀರಿ?

6. ಎಷ್ಟು ದಿನ ಕೆಲಸಕ್ಕೆ ಹೋಗುವಂತಿಲ್ಲ? ಒಟ್ಟು ವೆಚ್ಚವೆಷ್ಟು?

7. ರೋಗ ಮರುಕಳಿಸಿದರೆ ಮುಂದೆ ಏನು ಮಾಡಬಹುದು?

ಈ ಏಳು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಉತ್ತರಗಳನ್ನೂ ಅದರಲ್ಲಿಯೇ ಗುರುತು ಹಾಕಿಕೊಂಡರೆ ಮನೆಯವರೊಡನೆ ಕುಳಿತು ವಿಚಾರಮಾಡಲು ಅನುಕೂಲ. ಡುಪ್ಯುಟ್ರೆನ್ ರೋಗ ಪ್ರಾಣಕ್ಕೆ ಅಪಾಯವನ್ನು ತರುವಂಥದಲ್ಲ. ಅದು ನಿಧಾನವಾಗಿ ಬೆಳೆಯುವ ರೋಗ. ಆದ್ದರಿಂದ ರೋಗಿಗೆ ಯೋಚಿಸಲು ಸಮಯವಿದೆ. ಆದರೆ ನಡುಕೀಲು ಬಾಗತೊಡಗಿದವರಿಗೂ ಬೆರಳಿನ ಸ್ಪರ್ಶಜ್ಞಾನ ಕುಂದಿದವರಿಗೂ ಆ ಸಮಯ ಕಡಿಮೆಯೆಂಬುದನ್ನು ಮರೆಯಬಾರದು.